ಸೇವೆಗೆ ಮುನ್ನ ಅರಿವು: ಆದಿವಾಸಿಗಳ ನಡುವೆ ನಾವು

2025ರ ಮೇ ತಿಂಗಳಿನಲ್ಲಿ ಕೊಡಗು ಜಿಲ್ಲೆಗೆ ಸೇರಿದ ನಾಗರಹೊಳೆ ಕಾಡಿನ ಕರಡಿಕಲ್ಲು ಅತ್ತೂರುಕೊಲ್ಲಿ ಎಂಬಲ್ಲಿಗೆ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಕಟ್ಟತೊಡಗಿದವು. ದಶಕಗಳ ಹಿಂದೆ ತಮ್ಮ ಹಿರಿಯರನ್ನು ಅಲ್ಲಿಂದ ಹೊರಹಾಕಲಾಯಿತು, ಆ ಹಿರಿಯರ ಸಮಾಧಿಗಳೂ ತಮ್ಮ ದೇವರ ತಾಣಗಳೂ ಇನ್ನೂ ಅಲ್ಲಿಯೇ ಇವೆ, 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಆ ನೆಲದ ಮೇಲೆ ತಮಗೆ ಹಕ್ಕಿದೆ ಎಂಬುದು ಅವರ ವಾದ. ಅದು ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ನೆಲೆಸುವುದಕ್ಕೆ ಅವಕಾಶವಿಲ್ಲ ಎಂಬುದು ಅರಣ್ಯ ಇಲಾಖೆಯ ನಿಲುವು. ಪತ್ರಿಕೆಗಳಲ್ಲಿ ಈ ಸಂಗತಿ ಕಾನೂನಿನ ವ್ಯಾಜ್ಯವೆಂಬಂತೆ ಪ್ರಕಟವಾಯಿತು. ನಮ್ಮ ಕಥೋಲಿಕ ಕುಟುಂಬಗಳಲ್ಲಿ ಅದನ್ನು ಓದಿದ ಅನೇಕರು ಕೇಳಿದ್ದು ಒಂದೇ ಪ್ರಶ್ನೆ: "ಸರ್ಕಾರ ಹೊರಗಡೆ ಮನೆ ಕೊಟ್ಟಿದೆಯಲ್ಲ ಸ್ವಾಮಿ, ಮತ್ತೆ ಆ ಕಾಡೇ ಯಾಕೆ ಬೇಕಂತೆ?"

ಪ್ರಶ್ನೆಯ ಮೊದಲ ಅರ್ಧವೇ ಪೂರ್ತಿ ಸರಿಯಲ್ಲ. ಪ್ರೊ. ಮುಜಾಫರ್ ಅಸ್ಸಾದಿಯವರ ನೇತೃತ್ವದ ಸಮಿತಿಯು 2014ರಲ್ಲಿ ಸಲ್ಲಿಸಿದ ವರದಿ ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳನ್ನು ಗುರುತಿಸಿ ಅವರ ಪುನರ್ವಸತಿಯ ಅಗತ್ಯವನ್ನು ತಿಳಿಸಿತ್ತು. ಕಾಡಿನಿಂದ ಹೊರಬಂದವರಲ್ಲಿ ಬಹುಮಂದಿ ಕಾಫಿ ತೋಟಗಳ ಲೈನುಮನೆಗಳನ್ನು ಸೇರಿದರು. ಆದರೆ ನಮ್ಮ ಇಂದಿನ ಚಿಂತನೆಗೆ ಮುಖ್ಯವಾದುದು ಪ್ರಶ್ನೆಯ ಎರಡನೆಯ ಅರ್ಧ. ಮನೆ ಎಂದರೆ ನಾಲ್ಕು ಗೋಡೆ, ಒಂದು ಸೂರು ಎಂದು ತಿಳಿದವರಿಗೆ ಮಾತ್ರ "ಆ ಕಾಡೇ ಯಾಕೆ" ಎಂಬ ಪ್ರಶ್ನೆ ಹುಟ್ಟುತ್ತದೆ. ಜೇನುಕುರುಬರ ಎಣಿಕೆಯಲ್ಲಿ ಮನೆಯು ಗೋಡೆಗಳ ಲೆಕ್ಕವಲ್ಲ. ಸತ್ತ ಹಿರಿಯರು, ದೇವರು, ಮರ, ಜೇನು, ಪ್ರಾಣಿಗಳು ಎಲ್ಲವೂ ಒಂದೇ ಕುಟುಂಬದ ಲೆಕ್ಕಕ್ಕೆ ಸೇರುತ್ತವೆ. ಹೊರಗಡೆ ಮನೆ ಕೊಟ್ಟಾಗ ಆ ಕುಟುಂಬದ ಅರ್ಧ ಭಾಗ ಕಾಡಿನಲ್ಲಿಯೇ ಉಳಿಯಿತು.

ಇದು ಅರ್ಥವಾಗದ ಮಾತೆಂದು ನಮ್ಮವರು ಹೇಳುವಂತಿಲ್ಲ. ಹಾಸನ ಸಮೀಪದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನಮ್ಮಲ್ಲಿ ಕಾಣದವರಿಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಗುಡಿ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನ ಪಾಲಾಯಿತು. ಊರಿನ ಕಥೋಲಿಕರು ಬೇರೆಡೆಗೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ನೀರು ಏರಿ ಗೋಡೆಗಳನ್ನು ಅರ್ಧಕ್ಕೆ ಮುಚ್ಚುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಪ್ರವಾಸಿಗಳು ಫೋಟೋ ತೆಗೆಯುತ್ತಾರೆ. ಅಲ್ಲಿ ದೀಕ್ಷಾಸ್ನಾನ ಪಡೆದ ಹಿರಿಯರಿಗೆ ಅದು ಫೋಟೋ ಅಲ್ಲ. ಅವರಿಗೆ ಯಾರಾದರೂ "ಬೇರೆ ಮನೆ ಸಿಕ್ಕಿತಲ್ಲ, ಹಳೆಯ ಗುಡಿಯ ಮಾತೇಕೆ" ಎಂದರೆ ನಮಗೆ ನೋವಾಗುತ್ತದೆ. ಆ ಹೇಮಾವತಿಯ ನೀರೇ ಇಂದು ಕೃಷ್ಣರಾಜಪೇಟೆ, ನಾಗಮಂಗಲಗಳ ಹೊಲಗಳಿಗೆ ಹರಿಯುತ್ತಿದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯಿಂದ ಬರುವ ಕನ್ನಂಬಾಡಿಯ ನೀರಿನಲ್ಲಿ ಲಕ್ಷ್ಮಣತೀರ್ಥ ನದಿಯ ಪಾಲಿದೆ. ಆ ನದಿ ಬ್ರಹ್ಮಗಿರಿಯಲ್ಲಿ ಹುಟ್ಟಿ ನಾಗರಹೊಳೆ ಕಾಡಿನ ನೀರನ್ನೂ ಕೂಡಿಸಿಕೊಂಡು ಬರುತ್ತದೆ. ಕಾಡಿನವರ ಸಂಗತಿ ನಮಗೆ ದೂರದ್ದೆಂದು ಭಾವಿಸಲು ನಮ್ಮ ನಾಲೆಗಳೇ ಅವಕಾಶ ಕೊಡುವುದಿಲ್ಲ.

ಧರ್ಮಸಭೆಯ ಗಡಿಯೂ ಕೊಡುವುದಿಲ್ಲ. ಮೈಸೂರು ಧರ್ಮಕ್ಷೇತ್ರದಲ್ಲಿ ಮಂಡ್ಯ ಜಿಲ್ಲೆಯ ಬಯಲೂ ಇದೆ, ಕೊಡಗಿನ ಕಾಡೂ ಇದೆ, ಹೆಗ್ಗಡದೇವನಕೋಟೆಯ ಹಾಡಿಗಳೂ ಇವೆ, ಬಿಳಿಗಿರಿರಂಗನ ಬೆಟ್ಟದ ಪೋಡುಗಳೂ ಇವೆ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಮೊದಲಾದ ಸಮುದಾಯಗಳು ಒಂದೇ ಧರ್ಮಾಧ್ಯಕ್ಷರ ಕ್ಷೇತ್ರದೊಳಗೆ ಬಾಳುತ್ತಿವೆ. ನಮ್ಮ ಸಂಘಗಳು, ಯುವಜನರು, ಧರ್ಮಭಗಿನಿಯರು ಅಲ್ಲಿಗೆ ಹೋಗಿಬರುವುದು ಹೊಸದಲ್ಲ. ಕ್ರಿಸ್ತಜಯಂತಿಗೆ ಮುಂಚೆ ಕಂಬಳಿ ಹಂಚುವುದು, ತಪಸ್ಸುಕಾಲದಲ್ಲಿ ಉಳಿತಾಯದ ಹಣದಿಂದ ದವಸ ಒಯ್ಯುವುದು, ಒಂದು ದಿನದ ವೈದ್ಯಕೀಯ ಶಿಬಿರ ನಡೆಸುವುದು ಇವೆಲ್ಲ ಸದುದ್ದೇಶದ ಕಾರ್ಯಗಳೇ. ಹೋಗುವ ಮುನ್ನ ಎಷ್ಟು ಕಂಬಳಿ, ಎಷ್ಟು ಮಂದಿ, ಯಾವ ವಾಹನ ಎಂಬ ಲೆಕ್ಕ ಬಹಳ ಚೆನ್ನಾಗಿ ಆಗುತ್ತದೆ. ಆ ಜನ ಲೋಕವನ್ನು ಹೇಗೆ ಕಾಣುತ್ತಾರೆ ಎಂಬ ವಿಚಾರ ಮಾತ್ರ ಆ ಪಟ್ಟಿಯಲ್ಲಿ ಬಹುಮಟ್ಟಿಗೆ ಇರುವುದಿಲ್ಲ.

ಅರಿಯುವುದರಲ್ಲಿಯೂ ಎರಡು ಬಗೆಗಳಿವೆ. ಇದನ್ನು ತಿಳಿಯಲು ಶ್ರೀರಂಗಪಟ್ಟಣದವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಇಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. ಅವರು ಮೊದಲು ಕನ್ನಡ ಕಲಿತರು. ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥವನ್ನೂ ವ್ಯಾಕರಣವನ್ನೂ ನಿಘಂಟನ್ನೂ ಸಿದ್ಧಪಡಿಸಿದರೆಂದು ಸಭೆಯ ಚರಿತ್ರೆಕಾರರು ಹೇಳುತ್ತಾರೆ. ಭಾಷೆಯೊಂದನ್ನು ಕಲಿಯುವವನು ಆ ಭಾಷೆಯವರ ಮುಂದೆ ಬಹುಕಾಲ ಶಿಷ್ಯನಾಗಿ ಕೂಡಬೇಕಾಗುತ್ತದೆ, ಅದಕ್ಕೆ ಅಡ್ಡದಾರಿಯಿಲ್ಲ.

ಅವರ ನಂತರ ಒಂದೂವರೆ ಶತಮಾನ ಕಳೆದು ಬಂದವರು ಅಬ್ಬೆ ದುಬ್ವಾ. ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ಈ ಗುರುಗಳು 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಇಲ್ಲಿ ಚದರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸಿದರು. ಗಂಜಾಮಿನ ಗುಡಿಯ ಮೂಲಕ ಅವರ ಹೆಸರು ಇಂದಿಗೂ ಬಾಳುತ್ತಿದೆ. ದೇಶೀಯ ಉಡುಪನ್ನುಟ್ಟು, ಮಾಂಸಾಹಾರವನ್ನು ತೊರೆದು ಜನರ ನಡುವೆ ಬದುಕಿದ ಅವರನ್ನು ಜನ "ದೊಡ್ಡ ಸ್ವಾಮಿಯವರು" ಎಂದು ಕರೆದರು. ಸಿಡುಬಿನ ಲಸಿಕೆಯನ್ನು ಹಬ್ಬಿಸಿದವರಲ್ಲಿ ಅವರು ಪ್ರಮುಖರು. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ಲೆಕ್ಕವಿದೆ. ಪರದೇಶಿಯೊಬ್ಬನ ಕೈಯಿಂದ ಅಪರಿಚಿತವಾದ ಔಷಧವನ್ನು ಮೈಗೆ ಚುಚ್ಚಿಸಿಕೊಳ್ಳಲು ಅಷ್ಟು ಜನ ಒಪ್ಪಿದ್ದು ಒಟ್ಟಿಗೆ ಬಾಳಿದ ವಿಶ್ವಾಸದ ಫಲವೆಂದೇ ನಮ್ಮ ಎಣಿಕೆ.

ಅದೇ ದುಬ್ವಾ ಅವರು ಈ ನಾಡಿನವರ ಆಚಾರ ವಿಚಾರಗಳ ಬಗ್ಗೆ ಬೃಹತ್ ಗ್ರಂಥವನ್ನೂ ಬರೆದರು. ಮೈಸೂರಿನ ರೆಸಿಡೆಂಟರಾಗಿದ್ದ ಮೇಜರ್ ವಿಲ್ಕ್ಸ್ ಅವರ ಶಿಫಾರಸಿನ ಮೇರೆಗೆ ಕಂಪನಿ ಸರ್ಕಾರ ಆ ಹಸ್ತಪ್ರತಿಯನ್ನು 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅದರ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೆರ್ದೂ ಅವರ ಬರಹವೇ ಆಧಾರವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಆ ಚರ್ಚೆ ವಿದ್ವಾಂಸರಿಗಿರಲಿ. ನಮ್ಮನ್ನು ತಡೆದು ನಿಲ್ಲಿಸುವುದು ಬೇರೆಯದೇ ಸಂಗತಿ. ಆ ಗ್ರಂಥದಲ್ಲಿ ಮಾಹಿತಿ ಅಪಾರವಾಗಿದೆ, ಗೌರವ ಕಡಿಮೆ. ಕಾಡಿನ ಜನರ ವಿಷಯ ಬಂದಾಗಲಂತೂ ಅವರನ್ನು ಅನಾಗರಿಕರ ಸಾಲಿಗೆ ಸೇರಿಸಿ ಲೇಖಕರು ಮುಂದೆ ಸಾಗುತ್ತಾರೆ. ಕೊನೆಗೆ 1823ರಲ್ಲಿ ಭಾರತವನ್ನು ಬಿಟ್ಟುಹೋದಾಗ, ಇಲ್ಲಿನ ಜನರನ್ನು ಕ್ರೈಸ್ತಧರ್ಮಕ್ಕೆ ತರುವುದು ಆಗದ ಮಾತೆಂಬ ನಿರಾಶೆಯನ್ನು ಅವರು ಪ್ರಕಟಪಡಿಸಿದರು. ಒಬ್ಬನೇ ವ್ಯಕ್ತಿಯಲ್ಲಿ ಲಸಿಕೆಯ ಕೆಲಸಕ್ಕೆ ಬೇಕಾದ ವಿಶ್ವಾಸವೂ ಇತ್ತು, ಬರವಣಿಗೆಯಲ್ಲಿ ಆ ತಾತ್ಸಾರವೂ ಇತ್ತು.

ಇದು ಹೇಗೆ ಸಾಧ್ಯವಾಯಿತು? ತತ್ತ್ವಶಾಸ್ತ್ರದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದಿದವರು ಬಲ್ಲ ಒಂದು ವಿಚಾರವಿದೆ: ಅರಿಯಲ್ಪಡುವ ವಸ್ತುವು ಅರಿಯುವವನ ರೀತಿಗೆ ತಕ್ಕಂತೆ ಅವನೊಳಗೆ ಬರುತ್ತದೆ. ಬಿಂದಿಗೆಯಲ್ಲಿ ನೀರು ಬಿಂದಿಗೆಯ ಆಕಾರವನ್ನೇ ತಾಳುತ್ತದೆ. ಆಳುವವರು ಕೊಳ್ಳುವುದಕ್ಕೆಂದು ಸಂಗ್ರಹವಾದ ಅರಿವು ಆಳುವವರ ಪಾತ್ರೆಯ ಆಕಾರವನ್ನೇ ತಾಳಿತು. ಆದ್ದರಿಂದ "ಆದಿವಾಸಿಗಳ ಸಂಸ್ಕೃತಿಯನ್ನು ಅಧ್ಯಯನ ಮಾಡಿದ್ದೇವೆ" ಎಂಬ ಮಾತಿನಿಂದಲೇ ತೃಪ್ತರಾಗುವಂತಿಲ್ಲ. ಯಾರಿಗಾಗಿ ಅಧ್ಯಯನ, ಅದರ ಫಲ ಯಾರ ಕೈಗೆ ಸೇರುತ್ತದೆ, ಅವರು ಹೇಳಿದ್ದರಿಂದ ನಮ್ಮ ಕೆಲಸದಲ್ಲಿ ಏನಾದರೂ ಬದಲಾಯಿತೇ ಎಂಬುದನ್ನು ಕೇಳಬೇಕು. ಮೂರನೆಯ ಪ್ರಶ್ನೆಯೇ ನಿಜವಾದ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಸೋತದ್ದಕ್ಕೂ ಗೆದ್ದದ್ದಕ್ಕೂ ಬಿಳಿಗಿರಿರಂಗನ ಬೆಟ್ಟದಲ್ಲಿ ನಿದರ್ಶನಗಳಿವೆ. ಅಲ್ಲಿನ ಸೋಲಿಗರಿಗೆ ರಂಗಸ್ವಾಮಿಯು ಬರಿಯ ದೇವರಲ್ಲ, ತಮ್ಮ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದ ಭಾವ. ಭಾವನೆಂದ ಮೇಲೆ ಸಲಿಗೆಯಿದೆ, ಹಾಸ್ಯವಿದೆ, ಹಕ್ಕಿನ ಮಾತಿದೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವರಿಗೆ ಪೂಜ್ಯ. ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆಯಿದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ ಎಂಬ ತಾಣಗಳಿವೆ. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರು ಸೋಲಿಗ ಹಿರಿಯರ ಜೊತೆ ನಡೆದಾಡಿ ಇಂತಹ ಸುಮಾರು 500 ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ನಮ್ಮ ಕಣ್ಣಿಗೆ ಬರಿಯ ಮರ ಬಳ್ಳಿಯಾಗಿ ಕಾಣುವ ಕಾಡು ಅವರಿಗೆ ಓಣಿ, ಗುಡಿ, ಗಡಿಗಳುಳ್ಳ ಊರು.

1974ರಲ್ಲಿ ಆ ಕಾಡನ್ನು ವನ್ಯಜೀವಿಧಾಮವೆಂದು ಸಾರಲಾಯಿತು. ಪೋಡುಗಳು ಸ್ಥಳಾಂತರಗೊಂಡವು, ಕಾಡು ಕಡಿದು ಮಾಡುವ ಬೇಸಾಯ ನಿಂತಿತು, ಅದರೊಂದಿಗೆ ತರಗು ಬೆಂಕಿಯೂ ನಿಂತಿತು. ಬೇಸಿಗೆ ಬಿರುಸಾಗುವ ಮೊದಲೇ ನೆಲದ ತರಗೆಲೆಗೆ ಹಗುರವಾಗಿ ಬೆಂಕಿ ಹಾಯಿಸುವ ಈ ರೂಢಿ ಹೊರಗಿನವರಿಗೆ ಕಾಡು ಸುಡುವ ಅಜ್ಞಾನವಾಗಿ ಕಂಡಿತು. ಹಾಗೆ ಸಣ್ಣ ಬೆಂಕಿ ಹಾಯದಿದ್ದರೆ ಪೊದೆ ಬೆಳೆದು ಕಾಡನ್ನು ನುಂಗುತ್ತದೆ, ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚುತ್ತದೆ ಎಂದು ಸೋಲಿಗರು ಹೇಳಿದ ಮಾತನ್ನು ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಂದು ಆ ಬೆಟ್ಟದಲ್ಲಿ ಲಂಟಾನ ಹಬ್ಬಿರುವ ಪರಿಯನ್ನು ಕಂಡು, ವಿಜ್ಞಾನಿಗಳೇ ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿ ಬರೆದಿದ್ದಾರೆ. ಜೇನು ಇಳಿಸುವಾಗ, ನೆಲ್ಲಿ ಕೀಳುವಾಗ ಇತರ ಜೀವಿಗಳ ಪಾಲನ್ನು ಬಿಡುವ ರೂಢಿಯೂ ಅವರಲ್ಲಿದೆ. ಅದು ಪರಿಸರ ಪಾಠವಾಗಿ ಹುಟ್ಟಿದ್ದಲ್ಲ, ನೆಂಟರ ಪಾಲನ್ನು ನೆಂಟರಿಗೆ ಬಿಡುವ ಮರ್ಯಾದೆ.

ಗೆದ್ದ ನಿದರ್ಶನವೂ ಅಲ್ಲಿಯದೇ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಆಧುನಿಕ ಚಿಕಿತ್ಸೆಯ ಜೊತೆಗೆ ಸೋಲಿಗರ ಮೂಲಿಕೆ ವೈದ್ಯಕ್ಕೂ ಸ್ಥಾನ ಕೊಟ್ಟರು; 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ಮೇಲೂ, ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಈ ಸೇವಾ ಕಾರ್ಯವನ್ನು ಕಟ್ಟಿದ್ದು ನಮ್ಮ ಸಂಸ್ಥೆಯಲ್ಲ. ಆದರೂ ಅಲ್ಲಿಂದ ಕಲಿಯಲು ನಮಗೆ ಸಂಕೋಚ ಬೇಡ.

ವಾಚಕರಲ್ಲಿ ಕೆಲವರ ಮನಸ್ಸಿನಲ್ಲಿ ಈ ಹೊತ್ತಿಗೆ ಒಂದು ಕಳವಳ ಮೂಡಿರಬಹುದು. ಮರಕ್ಕೆ ಕೈಮುಗಿಯುವವರ, ದೇವರನ್ನು ಭಾವನೆನ್ನುವವರ ಲೋಕದೃಷ್ಟಿಯನ್ನು ಗೌರವಿಸಿದರೆ ನಮ್ಮ ವಿಶ್ವಾಸಕ್ಕೆ ಕುಂದಲ್ಲವೇ? ಕಳವಳ ಪ್ರಾಮಾಣಿಕವಾದುದು, ಆದರೆ ಅದಕ್ಕೆ ಧರ್ಮಸಭೆ ಎಂದೋ ಉತ್ತರಿಸಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಪೋಪ್ ಫ್ರಾನ್ಸಿಸರ 2015ರ ವಿಶ್ವಪತ್ರವು ಮೂಲನಿವಾಸಿಗಳ ನೆಲದಲ್ಲಿ ಯಾವುದೇ ದೊಡ್ಡ ಯೋಜನೆ ಬರುವಾಗ ಮಾತುಕತೆಯಲ್ಲಿ ಅವರಿಗೇ ಮೊದಲ ಸ್ಥಾನವಿರಬೇಕೆಂದು ಹೇಳಿತು. ಸಂತ ಪೌಲರು ಅಥೆನ್ಸ್ ನಗರದಲ್ಲಿ ಬಾಯಿ ತೆರೆಯುವ ಮುನ್ನ ಊರೆಲ್ಲ ಸುತ್ತಿ ಅವರ ಪೂಜಾಸ್ಥಾನಗಳನ್ನು ಗಮನವಿಟ್ಟು ನೋಡಿದರೆಂಬುದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ನಾವು ಓದುತ್ತೇವೆ.

ನೋಡುವ ಮುನ್ನವೇ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ಕೊಡಗಿನ ದೇವರಪುರದ ಬೇಡು ಹಬ್ಬವೇ ಸಾಕು. ಮೇ ತಿಂಗಳಿನಲ್ಲಿ ಜೇನುಕುರುಬರು, ಯರವರು ವೇಷ ತೊಟ್ಟು, ಬೈಗುಳದ ಹಾಡು ಹಾಡುತ್ತ ಅಂದು ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈಯುತ್ತಾರೆ, ದೇವರನ್ನೂ ಬಿಡುವುದಿಲ್ಲ. ಮೊದಲ ನೋಟಕ್ಕೆ ನಮ್ಮ ಮನೆಗಳ ತಾಯಂದಿರು ಕಿವಿ ಮುಚ್ಚಿಕೊಳ್ಳುವುದು ಸಹಜ. ಆದರೆ ಹಿಂದಿನ ಕಥೆ ಕೇಳಿ: ತಮ್ಮನ್ನು ಬೇಟೆಗೆಂದು ಕರೆತಂದ ಅಯ್ಯಪ್ಪ, ಭದ್ರಕಾಳಿಯ ಮೋಹಕ್ಕೊಳಗಾಗಿ ತಮ್ಮನ್ನು ಕಾಡಿನಲ್ಲಿ ಕೈಬಿಟ್ಟು ಹೋದನಂತೆ. ಆ ಕೈಬಿಟ್ಟ ದೇವರ ಮೇಲಿನ ಸಿಟ್ಟು ವರ್ಷಕ್ಕೊಮ್ಮೆ ಹೀಗೆ ಹೊರಬರುತ್ತದೆ. ಯೋಬನ ಗ್ರಂಥವನ್ನು ಪವಿತ್ರವೆಂದು ಓದುವ ನಾವು, ಶಿಲುಬೆಯ ಮೇಲೆ ಪ್ರಭು ಕೂಗಿದ ಕೂಗನ್ನು ಶುಭಶುಕ್ರವಾರದಂದು ಮಂಡಿಯೂರಿ ಕೇಳುವ ನಾವು, ದೇವರೊಡನೆ ಜಗಳವಾಡುವವನು ದೇವರನ್ನು ಬಿಟ್ಟವನಲ್ಲವೆಂಬುದನ್ನು ಇತರರಿಗಿಂತ ಬೇಗ ಗ್ರಹಿಸಬೇಕು.

ಗ್ರಹಿಸದೆ ನಡೆದಾಗ ಆಗುವ ಹಾನಿಯೂ ಸಣ್ಣದಲ್ಲ. ಕೆನಡಾ ದೇಶದಲ್ಲಿ ಸರ್ಕಾರದ ನೀತಿಯಂತೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ವಸತಿ ಶಾಲೆಗಳಲ್ಲಿ ಇರಿಸಲಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ನಡೆಸಿದವರು ಕಥೋಲಿಕ ಸಂಸ್ಥೆಗಳವರು. ಮಕ್ಕಳು ತಾಯಿನುಡಿಯಾಡಿದರೆ ಶಿಕ್ಷೆಯಾಗುತ್ತಿತ್ತು. 2022ರ ಜುಲೈ 25ರಂದು ಮಾಸ್ಕ್‌ವಾಸಿಸ್ ಎಂಬಲ್ಲಿ ಪೋಪ್ ಫ್ರಾನ್ಸಿಸರು ಅವರ ನಾಯಕರ ಮುಂದೆ ಕ್ಷಮೆ ಬೇಡಿದರು. ಆ ಶಾಲೆಗಳಲ್ಲಿ ಸೇವೆ ಮಾಡಿದವರಲ್ಲಿ ಅನೇಕರು ತಾವು ಒಳಿತನ್ನೇ ಮಾಡುತ್ತಿದ್ದೇವೆಂದು ನಂಬಿದ್ದರು ಎಂಬುದೇ ಇದರ ಭೀಕರತೆ. ಹಾಡಿಯ ಮಕ್ಕಳಿಗಾಗಿ ವಸತಿನಿಲಯ ನಡೆಸುವ ಯಾವ ಸಂಸ್ಥೆಯೇ ಆಗಲಿ, ಹಬ್ಬಕ್ಕೆ ಮಕ್ಕಳನ್ನು ಮನೆಗೆ ಕಳಿಸುತ್ತದೆಯೇ, ಅವರ ಹಾಡು ಕುಣಿತಕ್ಕೆ ಅಲ್ಲಿ ಜಾಗವಿದೆಯೇ, ಜೇನು ಕೊಯ್ಯುವ ಕಾಲಕ್ಕೆ ಹುಡುಗ ತಂದೆಯ ಜೊತೆ ಹೋದರೆ ಅದನ್ನು ಕಳ್ಳ ರಜೆಯೆಂದು ಬರೆಯುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಇಂದಿನ ವಾತಾವರಣದಲ್ಲಿ ಕ್ರೈಸ್ತರು ಹಾಡಿಯೊಂದಕ್ಕೆ ಕಾಲಿಟ್ಟರೆ ಮತಾಂತರದ ಸಂಶಯ ನಮಗಿಂತ ಮೊದಲೇ ಅಲ್ಲಿಗೆ ತಲಪಿರುತ್ತದೆ. ಸಂಶಯ ಪಡುವವರನ್ನು ದೂರುವುದು ಸುಲಭ. ಆದರೆ ಯಾವುದಾದರೂ ನಿರೀಕ್ಷೆಯನ್ನು ಒಳಗಿಟ್ಟುಕೊಂಡು ಕೊಟ್ಟ ಕಂಬಳಿ ಪರೋಪಕಾರವೂ ಅಲ್ಲ, ಸುವಾರ್ತೆಯೂ ಅಲ್ಲ, ಅದು ವ್ಯಾಪಾರ. ಹಂಚುವಾಗ ಫೋಟೋ ತೆಗೆದು ಪತ್ರಿಕೆಗೆ ಕಳಿಸುವುದು, ಕಂಬಳಿ ಪಡೆಯಲು ಮುದುಕಿಯರನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸುವುದು, ಯಾರಿಗೆ ಏನು ಬೇಕೆಂದು ಕೇಳದಿರುವುದು ಆ ವ್ಯಾಪಾರದ ಹತ್ತಿರದ ನೆಂಟರು. ಯೇಸುಸ್ವಾಮಿ ಎಪ್ಪತ್ತೆರಡು ಮಂದಿಯನ್ನು ಊರೂರಿಗೆ ಕಳಿಸಿದಾಗ ಏನನ್ನೂ ಹೊತ್ತೊಯ್ಯಬೇಡಿರೆಂದರು. ಅವರ ಮನೆಯಲ್ಲಿ ಇಟ್ಟದ್ದನ್ನು ಉಣ್ಣಿರೆಂದರು. ನಮ್ಮವರು ಹಾಡಿಗೆ ಹೋಗುವಾಗ ಬಿಸಿನೀರಿನ ಫ್ಲಾಸ್ಕು, ಪೊಟ್ಟಣದ ಊಟ ಕಟ್ಟಿಕೊಂಡು ಹೋಗುವುದನ್ನು ನೆನೆದರೆ ಈ ಮಾತು ಎಷ್ಟು ಕಠಿಣವೆಂಬುದು ತಿಳಿಯುತ್ತದೆ. ಅವರ ಮನೆಯ ರಾಗಿಮುದ್ದೆಯನ್ನು, ಕಾಡುಸೊಪ್ಪಿನ ಸಾರನ್ನು ಕುಳಿತು ಉಂಡವನಿಗೆ ಅವರು ಹೇಳುವ ಮಾತೇ ಬೇರೆ, ಲಾರಿಯಿಂದ ಇಳಿಸಿ ಹೊರಟುಹೋಗುವವನಿಗೆ ಹೇಳುವ ಮಾತೇ ಬೇರೆ.

ಹೋಗುವ ಮುನ್ನ ಹಾಡಿಯ ಯಜಮಾನರನ್ನು, ಗ್ರಾಮಸಭೆ ಇದ್ದರೆ ಅದನ್ನು ಕೇಳಿ ಒಪ್ಪಿಗೆ ಪಡೆಯುವುದು ಮೊದಲ ಹೆಜ್ಜೆ. ಅವರು "ಈಗ ಬೇಡಿ" ಎಂದರೆ ಹೋಗದಿರುವುದು ಎರಡನೆಯದು; ನಮ್ಮವರಿಗೆ ಕಷ್ಟವಾಗುವುದು ಇದೇ. ಕಂಬಳಿಗಿಂತ ಹಕ್ಕುಪತ್ರದ ಅರ್ಜಿ ಬರೆದುಕೊಡಲು ಒಬ್ಬ ವಿದ್ಯಾವಂತ ಹುಡುಗ, ಜಿಲ್ಲಾಸ್ಪತ್ರೆಗೆ ಜೊತೆಗೆ ಬರುವ ಒಬ್ಬ ಹೆಂಗಸು ಬೇಕೆಂದು ಅವರು ಹೇಳಬಹುದು. ಆಗ ದೇಣಿಗೆಯ ಪೆಟ್ಟಿಗೆಗಿಂತ ಮಾನವದಿನಗಳು ಬೇಕಾಗುತ್ತವೆ.

ನಾಗರಹೊಳೆಗೂ ಬೆಟ್ಟಕ್ಕೂ ಹೋಗಲಾಗದವರು ತಮ್ಮೂರಿನ ಅಂಚನ್ನೇ ನೋಡಬಹುದು. ಮಂಡ್ಯ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು 2011ರ ಜನಗಣತಿಯಂತೆ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು; ಅಷ್ಟು ಕಡಿಮೆಯಾದ್ದರಿಂದಲೇ ಅವರು ಕಣ್ಣಿಗೆ ಬೀಳುವುದಿಲ್ಲ. ಜಾತ್ರೆ ಸಂತೆಗಳಲ್ಲಿ ಮಣಿಸರ, ತಲೆಗೆಣ್ಣೆ ಮಾರುವ ಹಕ್ಕಿಪಿಕ್ಕಿ ಹೆಂಗಸರೊಡನೆ ಚೌಕಾಸಿ ಮಾಡದ ಗೃಹಿಣಿಯರು ನಮ್ಮಲ್ಲಿ ಕಡಿಮೆ. ಅವರನ್ನು ಅಲೆಮಾರಿಗಳೆಂದು ಅನುಕಂಪದಿಂದ ನೋಡುವವರಿಗೆ, 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಎದ್ದಾಗ ಅಲ್ಲಿ ಸಿಕ್ಕಿಕೊಂಡಿದ್ದ ಕನ್ನಡಿಗರಲ್ಲಿ ಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿಗಳಿದ್ದರೆಂಬ ಸುದ್ದಿ ಆಶ್ಚರ್ಯ ತಂದಿತ್ತು. ಹಕ್ಕಿಪಿಕ್ಕಿ ಎಂಬುದು ಕನ್ನಡದವರು ಅವರ ಹಳೆಯ ಕಸುಬನ್ನು ಕಂಡು ಇಟ್ಟ ಹೆಸರು. ಗುಜರಾತಿಗೆ ಹತ್ತಿರವಾದ ಅವರ ಮನೆಮಾತು ವಾಗ್ರಿ ಬೋಲಿ. ತಮ್ಮನ್ನು ಅವರು ವಾಗ್ರಿಗಳೆಂದು ಕರೆದುಕೊಳ್ಳುತ್ತಾರೆ. ಮುಂದಿನ ಸಂತೆಯಲ್ಲಿ ಎಣ್ಣೆಯ ಬೆಲೆ ಕೇಳುವ ಮುನ್ನ, ಆ ತಾಯಿಯ ಹೆಸರನ್ನೂ ಅವರ ಮಾತಿನಲ್ಲಿ ಎಣ್ಣೆಗೆ ಏನೆನ್ನುತ್ತಾರೆಂಬುದನ್ನೂ ಕೇಳಿ ನೋಡಿ.